ಅರ್ಧ ಮನೆ ಕೆಳಗೆ

ಫೆಬ್ರವರಿ 9, 1953. ಸೋಮವಾರ

ಆರಕ್ಕೆ ಎದ್ದೆ. ಬಿಸಿನೀರು, ಜೇನು, ನಿಂಬೆ. ಅರ್ಧ ಚಕ್ಕೋತ, ಸಕ್ಕರೆ ಇಲ್ಲದೆ — ಸ್ಟುಡಿಯೋದವರ ಅಪ್ಪಣೆ. ಹೊಟ್ಟೆ ದಿನವಿಡೀ ಗುಡುಗುತ್ತಿತ್ತು. ಮೈಕಿನವರಿಗೆ ಕೇಳಿಸಿತೋ ಏನೋ.

ಕೊನೆಯ ಹಾಡಿನ ರೆಕಾರ್ಡಿಂಗ್ ಮುಗಿಯಿತು. ‘ನಿನ್ನ ಕೊಡೆ ಇನ್ನೂ ಇಲ್ಲೇ ಇದೆ’. ಕ್ಲಬ್ಬುಗಳಲ್ಲಿ ನೂರಾರು ಸಲ ಹಾಡಿದ್ದೇನೆ. ಇಷ್ಟೊಂದು ಪಿಟೀಲಿನವರ ಮುಂದೆ ಇದೇ ಮೊದಲು. ಒಂದೇ ಟೇಕ್. ಆ ಕೊನೆಯ ‘ಇಲ್ಲೇ’ — ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು, ನಾನು ಇಳಿಸುವವರೆಗೆ ಇಳಿಯಲಿಲ್ಲ.

ಇನ್ನೊಂದು ಸಲ ಹಾಡಲಾ ಅಂದೆ. ಪಿಯಾನೋ ಮುಂದಿನಿಂದ ಮಿಲ್ಟ್ ತಲೆಯೆತ್ತಲಿಲ್ಲ.

“ಬೇಡ. ಇನ್ನೊಂದ್ಸಲ ಹಾಡಿದ್ರೆ ಇದನ್ನ ಕೆಡಿಸ್ತೀಯ.”

ಹನ್ನೊಂದು ವರ್ಷದಿಂದ ನನ್ನ ಹಿಂದೆ ಪಿಯಾನೋ ನುಡಿಸುತ್ತಿರುವವನ ಬಾಯಿಂದ ಇದೇ ದೊಡ್ಡ ಹೊಗಳಿಕೆ. ಮನೆಗೆ ಬಂದು ಒಬ್ಬಳೇ ಎರಡು ಪೆಗ್ ಹಾಕಿದೆ. ಖುಷಿಗೇ.

ಚಿತ್ರೀಕರಣ ಮೇ ತಿಂಗಳಿಗೆ. ಸಿನಿಮಾದ ಪದ್ಧತಿಯೇ ಹಾಗೆ. ಮೊದಲು ಗಂಟಲು, ತಿಂಗಳುಗಟ್ಟಲೆ ಆದ ಮೇಲೆ ಮುಖ.

ಫೆಬ್ರವರಿ 13

ಇವತ್ತು ಕ್ಯಾಮೆರಾ ಟೆಸ್ಟ್. ನಿರ್ದೇಶಕ ಕೀನನ್ ತೆರೆಯ ಮೇಲೆ ನನ್ನ ಕ್ಲೋಸಪ್ ನೋಡುತ್ತ ಮುಖ ಸಿಂಡರಿಸಿದ. ಕತ್ತಿನ ಬುಡದಲ್ಲಿ ಉಬ್ಬು. ತೆರೆಯಲ್ಲಿ ಕುಂಬಳಕಾಯಿಯಷ್ಟು ಕಾಣುತ್ತದೆ.

ಅಮ್ಮನ ಗಡ್ಡೆ. ನೆಬ್ರಾಸ್ಕಾದ ನಮ್ಮೂರಲ್ಲಿ ಅರ್ಧಕ್ಕರ್ಧ ಹೆಂಗಸರಿಗೆ ಇದೆ, ನೀರಿನ ದೋಷವಂತೆ. ಕ್ಲಬ್ಬಿನ ಮಬ್ಬು ಬೆಳಕಿನಲ್ಲಿ ಇಷ್ಟು ವರ್ಷ ಯಾರಿಗೂ ಕಂಡಿರಲಿಲ್ಲ. ಏನೂ ತೊಂದರೆ ಇಲ್ಲ, ಅದರ ಪಾಡಿಗೆ ಬಿಡಿ ಅಂತ ಡಾಕ್ಟರು ಹಿಂದೆಯೇ ಹೇಳಿದ್ದಾರೆ. ಕೀನನ್‌ಗೂ ಅದನ್ನೇ ಹೇಳಿದೆ.

“ಡಾರ್ಲಿಂಗ್, ನಿಮ್ ಹಾಡೆಲ್ಲಾ ರೆಕಾರ್ಡಾಗಿ ಡಬ್ಬದಲ್ಲಿ ಭದ್ರವಾಗಿದೆ. ಈಗ ನಂಗೆ ಬೇಕಿರೋದು ನಿಮ್ ಕತ್ತು.”

ಮೂವತ್ತಾರು ನನಗೆ. ಸ್ಟುಡಿಯೋ ಲೆಕ್ಕದಲ್ಲಿ ಇಪ್ಪತ್ತೊಂಬತ್ತು. ಐದು ಸಿನಿಮಾದಲ್ಲಿ ಬಂದಿದ್ದೇನೆ — ನಾಯಕ ನಾಯಕಿ ಊಟ ಮಾಡುತ್ತ ಜಗಳವಾಡುವಾಗ ಹಿಂದುಗಡೆ ಹಾಡುವ ಹೆಂಗಸು. ಈ ಸಲ ನಾನೇ ನಾಯಕಿ. ಇನ್ನೊಂದು ಸಲ ಯಾರೂ ಕರೆಯುವುದಿಲ್ಲ.

ಫೆಬ್ರವರಿ 15. ಭಾನುವಾರ

ಲಿಬಿ ಫೋನು. ಅಕ್ಕನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

“ಅಮ್ಮ ಆ ಗಡ್ಡೆ ಇಟ್ಕೊಂಡೇ ಆರು ಮಕ್ಕಳ್ನ ಹೆತ್ಲು, ಚರ್ಚಲ್ಲಿ ಎಲ್ರಿಗಿಂತ ಜೋರಾಗಿ ಹಾಡಿದ್ಲು. ನಿಂಗೇನೇ ಅಷ್ಟೊಂದು ನಾಜೂಕು?”

“ಅಮ್ಮನ್ನ ಕ್ಲೋಸಪ್ಪಲ್ಲಿ ಯಾರ್ ನೋಡಿದ್ರು?”

“ಅಪ್ಪ ನೋಡ್ತಿದ್ದ,” ಅಂದಳು.

ಮಾತು ಬದಲಿಸಿದೆ. ಗಸಗಸೆ ಹೂರಣದ ಕೊಲಾಚೆ ಬನ್ನು ಪಾರ್ಸೆಲ್ ಕಳಿಸಿದ್ದಾಳಂತೆ. ತಿನ್ನುವ ಹಾಗಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿ 27

ಗಡ್ಡೆ ತೆಗೆಸಲು ಆಪರೇಷನ್‌ಗೆ ಒಪ್ಪಿದೆ. ಮಾರ್ಚ್ ಎರಡನೇ ವಾರ. ಮಿಲ್ಟ್‌ಗೆ ಹೇಳಲು ಊಟಕ್ಕೆ ಕರೆದೆ. ಅವನು ಹುಳಿ ಸೌತೆಕಾಯಿ ಪೂರ್ತಿ ಕಡಿದು ಮುಗಿಸಿದ.

“ಕತ್ತು ಮುಚ್ಚೋಕೆ ಅಂಗಡೀಲಿ ಸ್ಕಾರ್ಫ್ ಸಿಗುತ್ತೆ ಅಲ್ಮಾ.”

ಊರವರ ಮುಂದೆ ‘ಮಿಸ್ ವೇಲ್’. ಇಬ್ಬರೇ ಇದ್ದಾಗ ಹೆತ್ತವರಿಟ್ಟ ಹೆಸರು.

“ಕತ್ತು ಮುಚ್ಕೊಂಡಿರೋ ನಾಯಕೀನ ಯಾರ್ ನೋಡ್ತಾರೋ?”

“ನಾನು ನೋಡಕ್ ಬಂದೋನಲ್ಲ. ಕೇಳಕ್ ಬಂದೋನು.”

ರೇಗಿತು. ಇವನಿಗೇನು, ಇವನ ಬೆನ್ನು ಮಾತ್ರ ಜನಕ್ಕೆ ಕಾಣುವುದು.

ಮಾರ್ಚ್ 20

ಮಾತಾಡಬಾರದು. ಸ್ಲೇಟು ಕೊಟ್ಟಿದ್ದಾರೆ. ನರ್ಸಿಗೆ ‘ನೀರು’ ಅಂತ ಬರೆದು ತೋರಿಸುತ್ತೇನೆ. ಕುಯ್ದ ಜಾಗ ಬೆಂಕಿ.

ಮಿಲ್ಟ್ ಬಂದಿದ್ದ. ನಾನು ಸ್ಲೇಟಿನಲ್ಲಿ ಬರೆದದ್ದಕ್ಕೆ ಅವನೂ ಸ್ಲೇಟಿನಲ್ಲೇ ಬರೆದು ಉತ್ತರ ಕೊಟ್ಟ. ನಿನಗೇನಾಗಿದೆ ಧಾಡಿ ಅಂತ ಬರೆದೆ. ನಗಬಾರದಿತ್ತು, ನೋವಾಯಿತು.

ಏಪ್ರಿಲ್ 6

ಇವತ್ತು ಹಾಡಿ ನೋಡಿದೆ. ಸ್ನಾನದ ಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಕೆಳಗಿನ ಸ್ವರದಲ್ಲಿ ಬರೀ ಗಾಳಿ. ಮೇಲಿನದು ಇಲ್ಲ. ಇಲ್ಲ ಅಂದರೆ ಇಲ್ಲವೇ ಇಲ್ಲ. ಮೆಟ್ಟಿಲಿದೆ ಅಂತ ಕಾಲಿಟ್ಟರೆ ಮೆಟ್ಟಿಲಿಲ್ಲ.

ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತು ಅತ್ತೆ. ಅಳುವಿನಲ್ಲೂ ದನಿ ಹೊರಡಲಿಲ್ಲ.

ಏಪ್ರಿಲ್ 8

ಡಾಕ್ಟರು ಪುಟ್ಟ ಕನ್ನಡಿ ಗಂಟಲೊಳಗೆ ಇಳಿಸಿ ನೋಡಿದರು.

“ಎಡಗಡೆ ಧ್ವನಿತಂತು ಅಲ್ಲಾಡ್ತಿಲ್ಲ. ನರಕ್ಕೆ ಪೆಟ್ಟಾಗಿರಬಹುದು. ಆರು ತಿಂಗಳು ನೋಡೋಣ ಮಿಸ್ ವೇಲ್.”

“ಆಮೇಲೆ?”

“ಬರೋದಿದ್ರೆ ಅಷ್ಟರಲ್ಲಿ ಬರುತ್ತೆ.”

ಆಪರೇಷನ್ ಆದಾಗಿನಿಂದ ಆರು ತಿಂಗಳು ಅಂದರೆ ಸೆಪ್ಟೆಂಬರ್. ಸೆಪ್ಟೆಂಬರ್ ಹದಿನೇಳಕ್ಕೆ ಕ್ಲಬ್ ಮರಾಬುವಿನಲ್ಲಿ ನನ್ನ ಮೊದಲ ರಾತ್ರಿ, ಪ್ರತಿ ವರ್ಷದ ಹಾಗೆ. ಸಿನಿಮಾಕ್ಕೆ ಡಬ್ಬದಲ್ಲಿ ದನಿ ಇದೆ. ಅಲ್ಲಿ ಡಬ್ಬ ಇಲ್ಲ. ನಾನು, ಒಂದು ದೀಪ, ಮಿಲ್ಟ್.

ಯಾರಿಗೂ ಹೇಳುವುದಿಲ್ಲ. ಮಿಲ್ಟ್‌ಗಂತೂ ಹೇಳುವುದೇ ಇಲ್ಲ. ಸ್ಕಾರ್ಫ್ ಅಂದವನ ಮುಖ ನೋಡಲಾರೆ. ಹದಿನೇಳನೇ ವಯಸ್ಸಿನಿಂದ ಹಾಡಿಯೇ ಬದುಕಿದವಳು. ಹಾಡು ಹೋದರೆ ಉಳಿಯುವವಳು ಯಾರು, ನನಗೆ ಅವಳ ಪರಿಚಯವಿಲ್ಲ.

ಮೇ 11

ಚಿತ್ರೀಕರಣ ಶುರು. ಮಾತಿಗೆ ದನಿ ಸಾಕಾಗುತ್ತದೆ — ಒಡಕಲು, ಉಸಿರುಸಿರು. ಕೀನನ್‌ಗೆ ಇಷ್ಟವಂತೆ. “ಮಾದಕವಾಗಿದೆ ಡಾರ್ಲಿಂಗ್, ಹೀಗೇ ಇಟ್ಕೊಳಿ.”

ಕತ್ತಿನ ಮೇಲೆ ಕೆಂಪು ಗೆರೆ. ಎಷ್ಟು ಬಣ್ಣ ಬಳಿದರೂ ದೀಪದ ಬಿಸಿಗೆ ಇಣುಕುತ್ತದೆ. ಕೊನೆಗೆ ನನ್ನ ಬಟ್ಟೆಬರೆ ನೋಡಿಕೊಳ್ಳುವ ಹೇಜಲ್ ಮುತ್ತಿನ ಅಗಲ ಪಟ್ಟಿ ತಂದು ಕಟ್ಟಿದಳು. ಎಲ್ಲ ದೃಶ್ಯಕ್ಕೂ ಇದೇ.

ಕತ್ತು ತೋರಿಸಬೇಕು ಅಂತ ಕುಯ್ಸಿದ್ದು. ಈಗ ಕುಯ್ಸಿದ್ದನ್ನು ಮುಚ್ಚಲು ಕತ್ತೇ ಮುಚ್ಚಿದೆ. ಹೇಜಲ್ ಹಿಂದಿನಿಂದ ಕೊಕ್ಕೆ ಹಾಕುತ್ತಾ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. “ನಗಿ ಮಿಸ್ ವೇಲ್. ನಗದೇ ಇದ್ರೆ ಇನ್ನೇನ್ ಮಾಡ್ತೀರಿ,” ಅಂದಳು. ಇಬ್ಬರೂ ನಕ್ಕೆವು. ಅವಳ ಕಣ್ಣು ತುಂಬಿತ್ತು.

ಮೇ 19

ಕೊಡೆ ಹಾಡು ಇವತ್ತು. ಬರೆದಿಡಬೇಕು.

ನನ್ನ ಬೆನ್ನಿಗೇ ಬೀರುವಿನಷ್ಟು ದೊಡ್ಡ ಸ್ಪೀಕರು. ಅದರಿಂದ ಫೆಬ್ರವರಿಯ ನಾನು. ಅದರ ಜೊತೆಗೆ ಮೇ ತಿಂಗಳ ನಾನು ಗಟ್ಟಿಯಾಗಿ ಹಾಡಬೇಕು. ಬರೀ ತುಟಿ ಅಲ್ಲಾಡಿಸಿದರೆ ನಡೆಯುವುದಿಲ್ಲ, ಎದೆ ಏರದಿದ್ದರೆ ಕ್ಯಾಮೆರಾ ಕಳ್ಳತನ ಹಿಡಿದುಬಿಡುತ್ತದೆ. ಪಿಯಾನೋದ ಹೊಟ್ಟೆಗೆ ದಪ್ಪ ಕಂಬಳಿ ತುರುಕಿ ಮೂಗ ಮಾಡಿದ್ದಾರೆ. ಮಿಲ್ಟ್ ಅದನ್ನು ನುಡಿಸುವ ಹಾಗೆ ನಟಿಸಬೇಕು. ಪಕ್ಕದಲ್ಲೇ ಕೂತಿದ್ದ.

ಹಾಡಿದೆ. ಏನು ಹೊರಡುತ್ತಿತ್ತೋ ದೇವರೇ ಬಲ್ಲ, ಸ್ಪೀಕರಿನ ಅಬ್ಬರದಲ್ಲಿ ನನಗೇ ಕೇಳಿಸಲಿಲ್ಲ. ಒಂದು ಕ್ಷಣ ಮರೆತೆ. ಅದೇ ದನಿ, ಅದೇ ಹಾಡು, ಇದು ನಾನೇ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕೊನೆಯ ಸಾಲಿಗೆ ಬಂದಾಗ ಪ್ಲೇಬ್ಯಾಕಿನ ಮುಳ್ಳು ಹಾರಿತು. ಗಪ್ ಅಂತ ನಿಂತಿತು ಸದ್ದು.

ನನ್ನದು ನಿಲ್ಲಲಿಲ್ಲ. ‘ಇಲ್ಲೇ’ ಅಂತ ಹೊರಟಿತು ಒಂದು ಸೀಳಿದ ಗಾಳಿ, ಬಾಗಿಲ ಸಂದಿಯಿಂದ ಬರುವ ಹಾಗೆ. ಅಷ್ಟು ದೊಡ್ಡ ಸೆಟ್ಟಿನಲ್ಲಿ ಅದೊಂದೇ ಸದ್ದು.

ಮರುಕ್ಷಣವೇ ಢಣ್ ಅಂತ ಇನ್ನೊಂದು. ಮಿಲ್ಟ್‌ನ ಮೊಣಕೈ ತಗುಲಿ ಪಿಯಾನೋ ಮೇಲಿದ್ದ ಗಾಜಿನ ಲೋಟ, ಬೂದಿಬಟ್ಟಲು, ಹೂದಾನಿ ಎಲ್ಲ ನೆಲಕ್ಕೆ. ಚೂರು ಚೂರು. ಕೀನನ್ ಕುರ್ಚಿಯಿಂದ ಹಾರಿ ಬಂದ.

“ಅಯ್ಯಾ ಮಹಾರಾಯ, ನುಡಿಸದೇ ಇರೋ ಪಿಯಾನೋ ನುಡಿಸೋಕೂ ಬರಲ್ವಾ ನಿಂಗೆ?”

“ತಪ್ಪಾಯ್ತು ಸರ್,” ಅಂದ ಮಿಲ್ಟ್. “ವಯಸ್ಸಾಯ್ತು.”

ಎಲ್ಲರೂ ಅವನನ್ನು ನೋಡಿ ನಕ್ಕರು. ನನ್ನನ್ನು ಯಾರೂ ನೋಡಲಿಲ್ಲ. ದಡ್ಡ, ಒಳ್ಳೇ ಸಮಯಕ್ಕೆ ಕೈತಪ್ಪಿದ. ಬದುಕಿದೆ.

ಜೂನ್ 26

ಚಿತ್ರೀಕರಣ ಮುಗಿಯಿತು. ಕೇಕು ಕತ್ತರಿಸಿದರು. ಅಕ್ಟೋಬರಿಗೆ ಬಿಡುಗಡೆಯಂತೆ. ಸ್ಟುಡಿಯೋದ ದೊಡ್ಡವರೆಲ್ಲ ಮರಾಬುವಿನ ಮೊದಲ ರಾತ್ರಿಗೆ ಬರುತ್ತಾರೆ, ಮುಂದಿನ ಸಿನಿಮಾದ ಮಾತು ಅಲ್ಲೇ.

ದನಿ ಇನ್ನೂ ಬಂದಿಲ್ಲ.

ಜುಲೈ 8

ಮರಾಬುಗೆ ತಾಲೀಮು ಶುರು. ಮಿಲ್ಟ್ ಮನೆಯಲ್ಲಿ. ಸಮುದ್ರದ ದಂಡೆಯ ಸಣ್ಣ ಮನೆ. ಹೆಂಡತಿ ರೋಸ್ ತೀರಿಕೊಂಡ ಮೇಲೆ ಅಡಿಗೆಮನೆ ಬಿಟ್ಟು ಬೇರೆಲ್ಲ ಕೋಣೆಯಲ್ಲೂ ಸಂಗೀತದ ಹಾಳೆ.

ತಪ್ಪಿಸಿಕೊಳ್ಳಲು ಏನೇನೋ ನೆಪ ಹೇಳಿದ್ದೆ. ಇನ್ನು ಆಗಲಿಲ್ಲ. ನೆಗಡಿ ಅಂದೆ. ಹಾಡಿದೆ. ‘ಇಲ್ಲೇ’ ಅರ್ಧ ದಾರಿಯಲ್ಲಿ ಕುಸಿಯಿತು. ಅವನು ಏನಾದರೂ ಅನ್ನುತ್ತಾನೆ ಅಂತ ಕಾದೆ.

“ನೆಗಡಿ ಇದ್ಯಲ್ಲ. ನಾಳೆ ಬಾ,” ಅಂದ. ಅಷ್ಟೇ.

ಜುಲೈ 22

ಇವತ್ತು ಹತ್ತಿರ ಹೋಯಿತು. ಮುಟ್ಟಲಿಲ್ಲ, ಆದರೆ ಬೆರಳು ತಗುಲಿತು. ಮಿಲ್ಟ್‌ಗೆ ಹೇಳಿದೆ. “ಹ್ಞೂಂ, ಕೇಳಿಸ್ತು,” ಅಂದ.

ಗಂಟಲು ಹೊಸ ಬಾಡಿಗೆ ಮನೆ ಇದ್ದ ಹಾಗಿದೆ, ಯಾವ ಸ್ವಿಚ್ಚು ಎಲ್ಲಿ ಗೊತ್ತಾಗುವುದಿಲ್ಲ. ನನಗೆ ಸಂಗೀತ ಓದಲು ಬರುವುದಿಲ್ಲ, ಅಪ್ಪನ ಅಕಾರ್ಡಿಯನ್ ಕೇಳಿ ಕಲಿತವಳು. ಮಿಲ್ಟ್ ಒಂದು ಸ್ವರ ಕೊಡುತ್ತಾನೆ, ಹಿಡಿದು ಹೊರಡುತ್ತೇನೆ. ಅಷ್ಟೇ ನನ್ನ ವಿದ್ಯೆ.

ಆಗಸ್ಟ್ 5

ಬಂತು.

ಬಂತು, ಬಂತು. ತೆಳ್ಳಗೆ, ಹಳೇ ಹೊಳಪಿಲ್ಲ, ಆದರೆ ‘ಇಲ್ಲೇ’ ಪೂರ್ತಿ. ಮಿಲ್ಟ್‌ನ ಬೋಳು ತಲೆಗೆ ಮುತ್ತು ಕೊಟ್ಟೆ. ಅಲ್ಲಿಂದಲೇ ಲಿಬಿಗೆ ಟ್ರಂಕ್ ಕಾಲ್ ಹಾಕಿ, ರಿಸೀವರ್ ಪಿಯಾನೋ ಮೇಲಿಟ್ಟು ಇಡೀ ಹಾಡು ಹಾಡಿದೆ. ಆಪರೇಷನ್ ಆದ ಮೇಲಿನದ್ದೆಲ್ಲ ಅವಳಿಗೆ ಇವತ್ತೇ ಹೇಳಿದ್ದು. ಆ ಕಡೆ ಮೂಗೊರೆಸುವ ಸದ್ದು. “ಅಮ್ಮ ಇರ್ಬೇಕಿತ್ತು ಕಣೇ,” ಅಂದಳು.

ಮಿಲ್ಟ್ ಕಿಟಕಿ ಹತ್ತಿರ ನಿಂತು ಸಮುದ್ರ ನೋಡುತ್ತಿದ್ದ. “ಏನೋ, ನಿಂಗ್ ಸಂತೋಷ ಇಲ್ವಾ?” ಅಂದೆ. ಇದೆ ಅಂದ.

ಆಗಸ್ಟ್ 20

ಡಾಕ್ಟರು ಮತ್ತೆ ಕನ್ನಡಿ ಇಳಿಸಿದರು. ಎಡಗಡೆಯದು ಇನ್ನೂ ಅಲ್ಲಾಡ್ತಿಲ್ಲ ಅಂದರು.

“ನಿಮ್ ಕನ್ನಡಿ ಬದಲಾಯ್ಸಿ ಡಾಕ್ಟ್ರೇ,” ಅಂತ ಹೇಳಿ ಎದ್ದು ಬಂದೆ. ಹಾಡುವವಳಿಗಿಂತ ನೋಡುವವರಿಗೆ ಹೆಚ್ಚು ಗೊತ್ತಂತೆ.

ಸೆಪ್ಟೆಂಬರ್ 10. ಗುರುವಾರ

ಮರಾಬುವಿನಲ್ಲಿ ಮೊದಲ ತಾಲೀಮು. ಹಗಲು ಹೊತ್ತಿನ ಕ್ಲಬ್ಬು — ತಿರುವಿ ಹಾಕಿದ ಕುರ್ಚಿ, ಹಳಸಿದ ಸಿಗರೇಟು ವಾಸನೆ. ಮನೆಗೆ ಬಂದ ಹಾಗಾಯಿತು.

ಬಾಸ್ — ಆ ಆಳೆತ್ತರದ ಪಿಟೀಲು — ನುಡಿಸಲು ಕ್ಲೈಡ್ ಅಂತ ಹೊಸಬ. ಪಾಪ, ಒಳ್ಳೆಯ ಮನುಷ್ಯ. ಕೊಡೆ ಹಾಡು ಶುರುವಾಗುತ್ತಿದ್ದಂತೆ ತನ್ನ ಹಾಳೆ ನೋಡಿದ, ಮಿಲ್ಟ್‌ನ ಕೈ ನೋಡಿದ.

“ಮಿಲ್ಟ್, ನೀವು ಎ ಶ್ರುತೀಲಿ ನುಡಿಸ್ತಿದೀರಿ. ನನ್ ಹಾಳೇಲಿ ಸಿ ಅಂತಿದೆ. ಯಾವ್ದು?”

“ಎ,” ಅಂದ ಮಿಲ್ಟ್. ನನ್ನ ಕಡೆ ನೋಡಲಿಲ್ಲ.

ಓದಲು ಬರದಿದ್ದರೂ ಇಷ್ಟು ಗೊತ್ತು. ನನ್ನ ಹಾಡು ಯಾವತ್ತೂ ಸಿ. ಓಮಾಹಾದಲ್ಲಿ ಹಾಡಲು ಶುರು ಮಾಡಿದಾಗಿನಿಂದ ಇಲ್ಲಿವರೆಗೆ ಸಿ. ಆ ಡಬ್ಬದಲ್ಲೂ ಸಿ.

ಪಿಯಾನೋ ಹತ್ತಿರ ಹೋದೆ. ಸಿ ಎಲ್ಲಿ ಅಂದೆ. ಬೆರಳಿಟ್ಟು ತೋರಿಸಿದ. ಎ ಎಲ್ಲಿ ಅಂದೆ. ಬಿಳಿ, ಕಪ್ಪು ಎಲ್ಲ ಲೆಕ್ಕಕ್ಕೆ ಹಿಡಿದು, ಒಂದು ಪಟ್ಟಿಯಿಂದ ಪಕ್ಕದ್ದಕ್ಕೆ ಅರ್ಧ ಮನೆ ಶ್ರುತಿ. ಅಂಥ ಮೂರು ಹೆಜ್ಜೆ ಕೆಳಗೆ.

“ಯಾವಾಗಿಂದ?”

“ಜುಲೈಯಿಂದ. ವಾರ ಹತ್ತು ದಿನಕ್ಕೆ ಒಂದೊಂದ್ ಅರ್ಧ ಮನೆ.”

ನಾನು ಮೇಲಕ್ಕೆ ಹತ್ತಲಿಲ್ಲ. ಇವನು ನೆಲ ಕೆಳಗಿಳಿಸುತ್ತಾ ಬಂದ.

ಕೋಟು ತಗೊಂಡು ಹೊರಗೆ ಬಂದುಬಿಟ್ಟೆ.

ಸೆಪ್ಟೆಂಬರ್ 11

ಫೋನು ಎತ್ತಲಿಲ್ಲ. ಕೊಳೆತ ಹಣ್ಣಿನ ಮೇಲೆ ಮೇಣ ಹಚ್ಚಿ ಮಾರುವ ಹಾಗೆ ನನ್ನನ್ನೇ ನನಗೆ ಮಾರಿದ. ಲಿಬಿಗೆ ಹಾಡಿದ್ದು ನೆನೆದರೆ ಮೈ ಉರಿಯುತ್ತದೆ.

ಸೆಪ್ಟೆಂಬರ್ 14

ಅಂಗಡಿಗೆ ಹೋಗಿ ಶ್ರುತಿ ಪೀಪಿ ಕೊಂಡೆ. ಬಿಸ್ಕತ್ತಿನಷ್ಟು ದುಂಡಗಿದೆ, ಸುತ್ತ ತೂತು, ಒಂದೊಂದರ ಪಕ್ಕ ಅಕ್ಷರ. ಊದಿದರೆ ಸುಳ್ಳು ಹೇಳುವುದಿಲ್ಲ. ಅದನ್ನು ಹಿಡಿದು ಮಿಲ್ಟ್ ಮನೆಗೆ ಹೋದೆ. ಬಾಗಿಲು ತೆಗೆದು ಸರಿದು ನಿಂತ. ನಾಲ್ಕು ದಿನದ ಗಡ್ಡ.

“ಯಾವಾಗ ಗೊತ್ತಾಯ್ತು ನಿಂಗೆ?”

“ಕೊಡೆ ಹಾಡಿನ ದಿನ. ಮೂಗ ಪಿಯಾನೋ ಮುಂದೆ ಕೂತೋನಿಗೆ ಕೇಳೋದ್ ಬಿಟ್ರೆ ಏನ್ ಕೆಲ್ಸ ಅಲ್ಮಾ? ಸ್ಪೀಕರ್ ಕೂಗ್ತಿದ್ರೂ ನಂಗೆ ನೀನೇ ಕೇಳಿಸ್ತಿದ್ದೆ.”

ಗಾಜಿನ ಲೋಟ, ಹೂದಾನಿ. ದಡ್ಡ ನಾನು.

“ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

ಕೈ ನೋಡಿಕೊಂಡ. “ಹೇಳಣ ಅಂತಾನೇ ಇದ್ದೆ. ಅವತ್ತು ಬಂತು ಬಂತು ಅಂತ ನನ್ ತಲೆಗೆ ಮುತ್ತಿಟ್ಟೆ. ಆ ಮುಖ ನೋಡ್ಕೊಂಡು ಹೆಂಗ್ ಹೇಳ್ಲಿ? ರೋಸ್‌ಗೂ ಹಂಗೇ ಮಾಡಿದ್ದು. ಇವತ್ತು ಗೆಲುವಾಗಿದೀಯ, ನಿನ್ನೆಗಿಂತ ಗೆಲುವಾಗಿದೀಯ ಅಂತ — ಕೊನೇ ದಿನದ್ವರೆಗೂ. ನಂಗೆ ಬರೋದು ಇಷ್ಟೇ.”

ಬೈಯಲು ಹೋದವಳು ಒಲೆ ಹಚ್ಚಿದೆ. ಅವನ ಅಡಿಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕುಡಿದೆವು.

ಆಮೇಲೆ ಕೂತು ನಿಜ ಹುಡುಕಿದೆವು. ಎ ಕೂಡ ನನಗೆ ಎಟುಕುತ್ತಿಲ್ಲ, ಎಳೆಯುತ್ತಿದ್ದೇನೆ ಅಂದ. ಇನ್ನೂ ಇಳಿಸಿದೆವು. ಜಿ. ಅಲ್ಲಿ ಸರಾಗ. ಹಾಡಿದ ಹಾಗಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗಿದೆ. ‘ನಿನ್ನ ಕೊಡೆ ಇನ್ನೂ ಇಲ್ಲೇ ಇದೆ’ ಅನ್ನುವಾಗ ಕೊಡೆ ನಿಜಕ್ಕೂ ಮೂಲೆಯಲ್ಲಿ ಇದ್ದ ಹಾಗೆ.

“ಜಿ,” ಅಂದೆ. “ಇಲ್ಲಿ ನಿಲ್ತೀನಿ. ಡಬ್ಬದಲ್ಲಿರೋಳು ಬೇರೆ, ನಾನು ಬೇರೆ. ಇನ್ಮೇಲೆ ನಂಗೆ ಹೇಳ್ದೆ ಏನೂ ಮುಟ್ಬೇಡ.”

“ಇಲ್ಲ.”

“ಆಣೆ ಮಾಡು.”

“ಮಾಡ್ದೆ.”

ಸೆಪ್ಟೆಂಬರ್ 17. ಸಂಜೆ ಏಳೂಕಾಲು. ಮರಾಬು

ಡ್ರೆಸ್ಸಿಂಗ್ ರೂಮ್. ಲಿಬಿ ಮತ್ತೆ ಕಳಿಸಿದ ಕೊಲಾಚೆ ಎರಡು ತಿಂದೆ, ಸ್ಟುಡಿಯೋ ಹಾಳಾಗಿ ಹೋಗಲಿ. ಹೊರಗೆ ಜನ ತುಂಬುತ್ತಿದ್ದಾರೆ. ಕೀನನ್ ಮುಂದಿನ ಮೇಜಿನಲ್ಲೇ ಇದ್ದಾನಂತೆ, ದೊಡ್ಡವರ ಜೊತೆ. ಹೆದರಿಕೆ ಇದೆ. ಮುತ್ತಿನ ಪಟ್ಟಿ ಬೇಡ ಅಂದೆ. ಗೆರೆ ಕಂಡರೆ ಕಾಣಲಿ.

ಮಧ್ಯಾಹ್ನದ ತಾಲೀಮಿನಲ್ಲಿ ನಿನ್ನೆಗಿಂತ ಸಲೀಸಾಗಿ ಬಂತು. ಹೇಜಲ್‌ಗೂ ಹೇಳಿದೆ — ನೋಡು, ಜಿಯಲ್ಲಿ ಎಷ್ಟು ಆರಾಮಾಗಿ ಕೂತಿದೆ, ಇನ್ನೊಂದು ತಿಂಗಳಿಗೆ ಎ ಶ್ರುತಿಗೆ ಹೋಗ್ತೀನಿ ನೋಡ್ತಿರು ಅಂತ.

ಗೋಡೆಯಾಚೆ ಮಿಲ್ಟ್ ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದಾನೆ. ಕೊಡೆ ಹಾಡಿನ ಮೊದಲ ಸಾಲು. ಕ್ಲೈಡ್‌ನ ಬಾಸ್ ಕೂಡ ಸೇರಿಕೊಂಡಿತು. ಸುಮ್ಮನೆ ಪೀಪಿ ತೆಗೆದು ಊದಿದೆ, ಜೊತೆಗಿರಲಿ ಅಂತ. ಜಿ.

ಸೇರಲಿಲ್ಲ.

ಮತ್ತೆ ಊದಿದೆ. ಹೇಜಲ್ ಏನು ಅಂತ ತಿರುಗಿ ನೋಡಿದಳು. ಪಕ್ಕದ ತೂತು ಊದಿದೆ. ಸೇರಿತು.

ಅರ್ಧ ಮನೆ ಕೆಳಗೆ.

ಇವತ್ತು ಮಧ್ಯಾಹ್ನವೇ ಇಳಿಸಿದ್ದಾನೆ. ಅದಕ್ಕೇ ಸಲೀಸು. ಅಂದರೆ ಜಿಯಲ್ಲೂ ನಿಲ್ಲುತ್ತಿಲ್ಲ ನಾನು. ಅವನಿಗೆ ಕೇಳಿಸಿದೆ, ನನಗೆ ಕೇಳಿಸಿಲ್ಲ. ದನಿ ತಿರುಗಿ ಬರುವುದಿಲ್ಲ, ಅಷ್ಟೇ ಅಲ್ಲ. ಇನ್ನೂ ಹೋಗುತ್ತಿದೆ.

ಮೂರು ದಿನದ ಹಿಂದೆ ಆಣೆ ಮಾಡಿದವನು. ಎದ್ದೆ. ಹೋಗಿ ಎಲ್ಲರ ಮುಂದೆ ಕೇಳಿಬಿಡೋಣ ಅಂತ ಬಾಗಿಲವರೆಗೂ ಹೋದೆ. ಇವತ್ತು ಗೆಲುವಾಗಿದೀಯ, ನಿನ್ನೆಗಿಂತ ಗೆಲುವಾಗಿದೀಯ. ರೋಸ್‌ಗೆ ಗೊತ್ತಿರಲಿಲ್ಲವೇ? ಸಾಯುವವಳಿಗೆ ಗೊತ್ತಾಗದೇ ಇರುತ್ತದೆಯೇ? ಗೊತ್ತಿದ್ದೂ ಹೌದು ಅಂದಿರಬೇಕು ಆ ಹೆಂಗಸು. ಅವನಿಗೋಸ್ಕರ.

ವಾಪಸು ಬಂದು ಕೂತೆ. ಪೀಪಿಯನ್ನು ಪೌಡರ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

ಏಳೂ ಐವತ್ತು

ಮಿಲ್ಟ್ ಬಾಗಿಲು ತಟ್ಟಿ ಒಳಗೆ ತಲೆ ಹಾಕಿದ. ಹೊಸ ಬೋ ಟೈ, ಸೊಟ್ಟಗಿತ್ತು. ಎದ್ದು ಸರಿ ಮಾಡಿದೆ.

“ಜಿ ತಾನೇ?” ಅಂದೆ.

“ಜಿ,” ಅಂದ.

“ಇವತ್ತು ಗಂಟಲು ಚೆನ್ನಾಗಿದೆ ಕಣೋ. ನಿನ್ನೆಗಿಂತ ಚೆನ್ನಾಗಿದೆ.”

“ಕೇಳಿಸ್ತು ಬಿಡು,” ಅಂದ. ಅವನ ಕಿವಿ ಕೆಂಪಾಗಿತ್ತು.

ಬಾಗಿಲಾಚೆ ಕಾಯುತ್ತಿದ್ದಾನೆ. ಹೇಜಲ್ ಬೆನ್ನಿನ ಗುಂಡಿ ಹಾಕುತ್ತಿದ್ದಾಳೆ, ಅಕ್ಷರ ಅಲ್ಲಾಡುತ್ತದೆ. ಹೊರಗೆ ದೀಪ ಆರಿಸಿದರು. ಜನ ಸುಮ್ಮನಾದರು. ಅಳಬಾರದು, ಬಣ್ಣ ಕೆಡುತ್ತದೆ. ಅವನು ಎಲ್ಲಿಗೆ ಇಳಿಸುತ್ತಾನೋ ಅಲ್ಲಿಗೆ ನಾನೂ —